ಮುಟ್ಟಾಳೆ ತೆಗೆಯದ ಅಜ್ಜ

ನನ್ನ ತಲೆಗೆ ಹಗ್ಗ ಸುತ್ತಿ ಅಳತೆ ತೆಗೆದವರು ಇದುವರೆಗೆ ಅವರೊಬ್ಬರೇ. ಆದಿ ಉಡುಪಿಯ ಸಂತೆಯಲ್ಲಿ ಒಂದು ಬದಿಗೆ ಮಟ್ಟುಗುಳ್ಳ ಬದನೆಯ ರಾಶಿ, ಇನ್ನೊಂದು ಬದಿಗೆ ಒಣಮೀನಿನ ಬುಟ್ಟಿ, ಅವೆರಡರ ನಡುವೆ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಮುಂದೆ ಹತ್ತು ಹನ್ನೆರಡು ಮುಟ್ಟಾಳೆಗಳು. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ನೆನೆಸಿ, ಮಡಚಿ, ನಾರಿನಿಂದ ಹೊಲಿದು ಮಾಡುವ ನಮ್ಮ ಕರಾವಳಿಯ ಟೊಪ್ಪಿ ಅದು. ನಾನು ಒಂದನ್ನು ಎತ್ತಿ ತಲೆಗೆ ಇಡಲು ಹೋದೆ.

"ಇಡ್ಬೇಡಿ. ಅದು ಬೇರೆಯವರ ತಲೆ," ಎಂದರು.

ಈ ವಾರ ಅಳತೆ ಕೊಟ್ಟರೆ ಮುಂದಿನ ವಾರ ಮುಟ್ಟಾಳೆ, ಅದು ಅವರ ಕ್ರಮ. ಗೋಣಿಯ ಮೇಲೆ ಇದ್ದವೆಲ್ಲ ಹಿಂದಿನ ವಾರ ಅಳತೆ ಕೊಟ್ಟು ಹೋದವರದ್ದು. ನನ್ನನ್ನು ಎದುರಿಗೆ ಕುಕ್ಕರಗಾಲಿನಲ್ಲಿ ಕೂರಿಸಿ, ಸಪೂರ ತೆಂಗಿನ ಹಗ್ಗವೊಂದನ್ನು ಹಣೆಯಿಂದ ಹಿಂದಲೆಗೆ ಸುತ್ತಿ, ಸೇರಿದಲ್ಲಿ ಒಂದು ಗಂಟು ಹಾಕಿದರು. ಆಮೇಲೆ ಅಂಗೈಯನ್ನು ನೆತ್ತಿಯ ಮೇಲೆ ಚಪ್ಪಟೆಯಾಗಿ ಇಟ್ಟು, ಹೆಬ್ಬೆರಳಿನಿಂದ ಕುತ್ತಿಗೆಯ ಮೇಲಿನ ತಗ್ಗನ್ನು ಒತ್ತಿ ನೋಡಿದರು. ಅದೇ ಹಗ್ಗದಲ್ಲಿ ಆ ಬೆಳಗ್ಗೆ ಅಳೆದ ಬೇರೆ ತಲೆಗಳ ಗಂಟುಗಳೂ ಇದ್ದವು. ಯಾವ ಗಂಟು ಯಾರದ್ದು ಎಂದು ಎಲ್ಲಿಯೂ ಬರೆದುಕೊಳ್ಳುತ್ತಿರಲಿಲ್ಲ. ಕೇಳಿದರೆ, "ಗಂಟು ಮರೆತ್ರೂ ತಲೆ ಮರೆಯೂದಿಲ್ಲ ಮಾರಾಯ್ರೆ," ಎನ್ನುತ್ತಿದ್ದರು.

ಸಂತೆಯವರೆಲ್ಲ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ, ನನಗೂ ಆಗಲೇ ಐವತ್ತು ದಾಟಿತ್ತು. ಅವರ ಮನೆ ಎಲ್ಲೂರಿನ ಕಡೆ. ಮನೆಮಾತು ನಮ್ಮಿಬ್ಬರದ್ದೂ ತುಳುವೇ. ಆದರೆ ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು ಎಂದು ಗೊತ್ತಾದ ದಿನದಿಂದ ಅವರು ನನ್ನೊಡನೆ ಕನ್ನಡದಲ್ಲಿ ಮಾತ್ರ ಮಾತನಾಡಿದರು. ನಾನು ತುಳುವಿನಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲಿ ಬರುತ್ತಿತ್ತು. ಅದು ಅವರು ನನಗೆ ಕೊಟ್ಟ ಮರ್ಯಾದೆ. ನಾನು ಅವರಿಗೆ ಏನು ಕೊಟ್ಟೆ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ, ಆದರೆ ಅಲ್ಲಿಗೆ ತಲುಪಲು ನನಗೆ ಸ್ವಲ್ಪ ಧೈರ್ಯ ಬೇಕು.

ಅವರು ತೀರಿಕೊಂಡು ಈಗ ಎರಡು ತಿಂಗಳಾಯಿತು.

ಅವರ ಪರಿಚಯವಾದ ಕಾಲದಲ್ಲಿ ನನಗೆ ಟೊಪ್ಪಿಗಳ ಹುಚ್ಚು ಹಿಡಿದಿತ್ತು. ಮಣಿಪಾಲದ ಹತ್ತಿರದ ನಮ್ಮ ಕಾಲೇಜಿನಲ್ಲಿ ಮೆಟ್ಟಿಲಿನ ಕೆಳಗೆ ಹಳೆಯ ಬೆಂಚುಗಳನ್ನು ತುಂಬಿಡುವ ಒಂದು ಕೋಣೆ ಇತ್ತು. ಪ್ರಾಂಶುಪಾಲರ ಕಾಲು ಹಿಡಿದು ಅದನ್ನು ಖಾಲಿ ಮಾಡಿಸಿ, ತಲೆಗೆ ಇಡುವ ಸಾಮಾನುಗಳನ್ನೆಲ್ಲ ತಂದು ಜೋಡಿಸಿದ್ದೆ. ಯಕ್ಷಗಾನದ ಒಂದು ಮುಂಡಾಸು, ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಮಳೆಗೆ ಬೆನ್ನ ಮೇಲೆ ಹೊರುತ್ತಿದ್ದ ಎಲೆಯ ಗೊರಬು, ಬ್ಯಾರಿ ಅಜ್ಜನೊಬ್ಬರು ಕೊಟ್ಟ ಕಸೂತಿಯ ಟೊಪ್ಪಿ, ಸ್ವಾತಂತ್ರ್ಯ ಹೋರಾಟಗಾರರ ಮನೆಯಿಂದ ಬಂದ ಖಾದಿ ಟೊಪ್ಪಿ, ಜರಿಪೇಟ ಎಲ್ಲವೂ ಇದ್ದವು. ಮಕ್ಕಳು ನನಗೆ 'ಟೊಪ್ಪಿ ಸರ್' ಎಂದು ಹೆಸರಿಟ್ಟಿದ್ದರು. ಅದರಲ್ಲಿ ಎಷ್ಟು ಪ್ರೀತಿ, ಎಷ್ಟು ಕುಚೋದ್ಯ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಒಂದು ದಿನ ಅಜ್ಜನನ್ನು ಆ ಕೋಣೆಗೆ ಕರೆತಂದೆ. ಗೋಡೆಯ ಮೇಲೆ ಮೂರು ಮುಟ್ಟಾಳೆ ತೂಗುಹಾಕಿ, ಕೆಳಗೆ 'ರೈತರ ಶಿರಸ್ತ್ರಾಣ' ಎಂದು ಚಂದದ ಅಕ್ಷರದಲ್ಲಿ ಬರೆಸಿದ್ದೆ. ಅವರು ಅದನ್ನು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದರು.

"ಇದು ಮೂರೂ ರೈತರದ್ದಾ?"

"ಹೌದಲ್ವಾ ಅಜ್ಜ?"

"ಇದು ನೋಡಿ, ಹಿಂದೆ ಇಷ್ಟು ಕೆಳಗೆ ಇಳಿದಿದೆ. ಇದು ಮರ ಹತ್ತುವವನದ್ದು. ತಾಳೆಮರದ ತುದಿಗೆ ಹೋಗಿ ಮೇಲೆ ನೋಡುವಾಗ ಟೊಪ್ಪಿ ಬಿದ್ದರೆ ಅವನ ಕೈ ತಪ್ಪುತ್ತದೆ. ಇದಕ್ಕೆ ನೆತ್ತಿಯಲ್ಲಿ ಎರಡು ಪದರ ಉಂಟು, ಚಪ್ಪಟೆ ಉಂಟು. ಇದು ಹೊರುವವನದ್ದು. ಇದು ಒಂದು ಉಳುವವನದ್ದು ಆಗಬಹುದು. ಮೂರು ಜನ ಒಟ್ಟಿಗೆ ಕೂತು ಊಟ ಮಾಡಿರ್ಲಿಕ್ಕಿಲ್ಲ ಮಾಸ್ಟ್ರೇ. ನೀವು ಒಂದೇ ಆಣಿಗೆ ಹಾಕಿದ್ದೀರಿ."

ನಾನು ಮರುದಿನವೇ ಆ ಚೀಟಿ ಹರಿದು ಮೂರು ಬೇರೆ ಬೇರೆ ಚೀಟಿ ಬರೆಸಿದೆ. ಆಮೇಲೆ ಅವರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ಕಾರ್ಕಳದ ಕಡೆ ಕಲ್ಲಿನ ಕೋರೆಯಲ್ಲಿ ಕೆಲಸ ಮಾಡುವವರಿಗೆ ಮುಟ್ಟಾಳೆಯ ಒಳಗೆ ತೆಂಗಿನ ನಾರು ತುಂಬಿ ಕೊಡುತ್ತಿದ್ದರಂತೆ. ಕಾಪುವಿನ ಕಡಲ ಬದಿಯವರು ಹಾಳೆಯ ಟೊಪ್ಪಿ ಇಡುವುದು ಕಡಿಮೆ, ಗಾಳಿ ಅದನ್ನು ಹಾರಿಸಿಕೊಂಡು ಹೋಗುತ್ತದೆ, ಅವರದ್ದು ಬಟ್ಟೆಯ ಸುತ್ತು. ಟೊಪ್ಪಿ ನೋಡಿ ಕಸುಬು ಹೇಳುವುದು ಅವರಿಗೆ ಆಟದಂತೆ ಇತ್ತು. ಮಣಿಪಾಲದ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಹೋಗುವ ಹುಡುಗರನ್ನು ನೋಡಿ, "ಇವರದ್ದು ಎಲ್ಲ ಒಂದೇ ಅಳತೆ, ಪಾಪ. ತಲೆ ಒಳಗೆ ಅಲ್ಲಾಡ್ತದೆ," ಎಂದು ಮರುಗುತ್ತಿದ್ದರು.

ಕೊಪ್ಪಳದ ಕಡೆಯ ಹೆಂಗಸೊಬ್ಬಳಿಗೆ ಅವರು ಮುಟ್ಟಾಳೆ ಮಾಡಿಕೊಟ್ಟದ್ದನ್ನು ನಾನೇ ನೋಡಿದ್ದೇನೆ. ನಮ್ಮ ಕಾಲೇಜಿನ ಪಕ್ಕದಲ್ಲಿ ದೊಡ್ಡದೊಂದು ಕಟ್ಟಡ ಏಳುತ್ತಿತ್ತು. ಅವಳು ಬಟ್ಟೆಯ ಸಿಂಬೆ ಇಟ್ಟುಕೊಂಡು ಕಾಂಕ್ರೀಟಿನ ಬಾಣಲೆ ಹೊರುತ್ತಿದ್ದಳು. ಸಿಂಬೆ ಒದ್ದೆಯಾಗಿ ಸಿಮೆಂಟಿನ ನೀರು ಹಣೆಗೆ ಇಳಿಯುತ್ತಿತ್ತು. ಅಜ್ಜ ನಿಂತು ನೋಡಿದರು. ಆಮೇಲೆ ಬೇಲಿಯ ಹತ್ತಿರ ಹೋಗಿ ಅವಳನ್ನು ಕರೆದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತಿತ್ತು. ಮುಂದಿನ ವಾರ ಬಂದು, ಚಪ್ಪಟೆ ನೆತ್ತಿಯ, ಹಣೆಯ ಕಡೆ ಸ್ವಲ್ಪ ತುಟಿ ಬಿಟ್ಟ ಮುಟ್ಟಾಳೆ ಕೊಟ್ಟರು. ನೀರು ಆ ತುಟಿಯಿಂದ ಬದಿಗೆ ಹರಿದು ಹೋಗಬೇಕು ಎಂದು ಲೆಕ್ಕ.

"ಯಜ್ಜಾ, ಹಗೂರ ಐತಿ ಬಿಡ್ರಿ. ತಲಿಮ್ಯಾಲ ಏನೂ ಇಲ್ಲ ಅನ್ಸತೈತಿ," ಎಂದಳು ಅವಳು.

ಅಜ್ಜ ಅವಳ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡು, ಇಡೀ ದಿನ ಸಂತೋಷದಲ್ಲಿದ್ದರು.

ಅವರ ತಲೆಯ ಮೇಲೆ ಸದಾ ಒಂದು ಮುಟ್ಟಾಳೆ ಇರುತ್ತಿತ್ತು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಡಾಕ್ಟರ ಎದುರಿಗೆ ಎಲ್ಲಿಯೂ ತೆಗೆಯುತ್ತಿರಲಿಲ್ಲ. ಒಮ್ಮೆ ನಮ್ಮ ಪ್ರಾಂಶುಪಾಲರನ್ನು ಭೇಟಿ ಮಾಡಿಸಿದಾಗಲೂ ಮುಟ್ಟಾಳೆ ಇಟ್ಟುಕೊಂಡೇ ಕೈ ಮುಗಿದರು. ಹೊರಗೆ ಬಂದ ಮೇಲೆ ನಾನು ಸುಮ್ಮನೆ ಕುತೂಹಲಕ್ಕೆ, ಇದನ್ನು ಎಲ್ಲಿಯೂ ತೆಗೆಯುವುದಿಲ್ಲವೇ ಎಂದು ಕೇಳಿದೆ. ಊಟಕ್ಕೆ ಕೂರುವಾಗ, ದೈವದ ಎದುರು ನಿಲ್ಲುವಾಗ, ಹೆಣ ಕಂಡಾಗ ತೆಗೆಯುತ್ತೇನೆ ಎಂದರು. ಆಮೇಲೆ ಕ್ಯಾಂಟೀನಿನ ಬೆಂಚಿನಲ್ಲಿ ಕೂತು, ಚಹಾ ಆರುವ ತನಕ ಮುಟ್ಟದೆ, ಅದರ ಹಿಂದಿನ ಸಂಗತಿಯನ್ನು ಹೇಳಿದರು.

ಅವರ ಅಪ್ಪ ಕಾರ್ಕಳದ ಕಡೆಯ ಒಂದು ದೊಡ್ಡ ಮನೆಯ ಒಕ್ಕಲು. ಆ ಕಾಲದಲ್ಲಿ ಧಣಿಗಳ ಅಂಗಳಕ್ಕೆ ಕಾಲಿಡುವ ಮೊದಲು ಮುಟ್ಟಾಳೆ ತೆಗೆದು ಕಂಕುಳಿನಲ್ಲಿ ಇಟ್ಟುಕೊಳ್ಳಬೇಕು. ಒಂದು ದಿನ ಅಪ್ಪ ತಲೆಯ ಮೇಲೆ ಹಲಸಿನ ಹಣ್ಣಿನ ಬುಟ್ಟಿ ಹೊತ್ತುಕೊಂಡು ಹೋಗಿದ್ದರು. ಅಜ್ಜನಿಗೆ ಆಗ ಇಪ್ಪತ್ತು ವರ್ಷ, ಅವರದ್ದೂ ಒಂದು ಬುಟ್ಟಿ. ಬುಟ್ಟಿ ಹೊತ್ತಿರುವಾಗ ಮುಟ್ಟಾಳೆ ತೆಗೆಯುವುದು ಹೇಗೆ? ಅಂಗಳದಲ್ಲಿ ಬುಟ್ಟಿ ಇಳಿಸಿದರು. ಅಪ್ಪನ ಎರಡೂ ಕೈ ಜೋಮು ಹಿಡಿದಿತ್ತು. ಕೈ ಮೇಲೆ ಹೋಗುವುದು ಒಂದು ಕ್ಷಣ ತಡವಾಯಿತು. ಅಷ್ಟರಲ್ಲಿ ಅಲ್ಲಿನ ಪಾರುಪತ್ಯದವನು ಬೆತ್ತದ ತುದಿಯಿಂದ ಮುಟ್ಟಾಳೆಯನ್ನು ಹಾರಿಸಿಬಿಟ್ಟ. ಅದು ಉರುಳಿಕೊಂಡು ಹೋಗಿ ದನದ ಹಟ್ಟಿಯ ಬಾಗಿಲಿನಲ್ಲಿ ನಿಂತಿತು.

"ಅಪ್ಪ ಹೋಗಿ ಹೆಕ್ಕಿಕೊಂಡ್ರು. ಹೆಕ್ಕಿಕೊಂಡು ನಗಾಡಿದ್ರು ಮಾಸ್ಟ್ರೇ. ಹೊಡೆದದ್ದು ನನಗೆ ನೋವಾಗ್ಲಿಲ್ಲ. ಹೊಡೆದದ್ದು ಟೊಪ್ಪಿಗೆ ಅಲ್ವಾ. ಆ ನಗೆ ಉಂಟಲ್ಲ, ಅದು ನನಗೆ ಆಗ್ಲಿಲ್ಲ."

ಅಂದಿನಿಂದ ಮನುಷ್ಯರ ಎದುರಿಗೆ ಮುಟ್ಟಾಳೆ ತೆಗೆಯುವುದನ್ನು ಅವರು ಬಿಟ್ಟರು. ಆ ಮನೆಯ ಕೆಲಸವನ್ನೂ ಬಿಟ್ಟರು. ಅಲ್ಲಿಂದ ಎಲ್ಲೂರಿಗೆ ಬಂದು, ಕೂಲಿ ಮಾಡುತ್ತ ಮುಟ್ಟಾಳೆ ಹೊಲಿಯುತ್ತ ಬದುಕಿದರು. ಇದಿಷ್ಟನ್ನು ನಾನು ನೋಟ್‌ಬುಕ್ಕಿನಲ್ಲಿ ಮೂರು ಪುಟ ಬರೆದೆ. ಬರೆಯುವಾಗ ಕಣ್ಣು ಒದ್ದೆಯಾಗಿತ್ತು, ಅದೂ ನೆನಪಿದೆ. ಅಂದರೆ ನನಗೆ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಈ ಪುಟಗಳನ್ನು ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ನಾನು ನಿವೃತ್ತನಾಗುವ ವರ್ಷ ಕಾಲೇಜಿನಲ್ಲಿ ಒಂದು ವಿಚಾರಗೋಷ್ಠಿ ಏರ್ಪಡಿಸಿದೆ. ವಿಷಯ ನನ್ನದೇ ಹುಚ್ಚು, ನಮ್ಮ ಕಡೆಯ ತಲೆಯುಡುಗೆಗಳು. ಈಗ ಎಲ್ಲ ಸಭೆಗಳಲ್ಲಿಯೂ ಅತಿಥಿಗಳಿಗೆ ಪೇಟದ ಬದಲು ಮುಟ್ಟಾಳೆ ಇಟ್ಟು ಗೌರವಿಸುವುದು ಶುರುವಾಗಿದೆ. ನಾವೂ ಹಾಗೆಯೇ ಮಾಡೋಣ ಎಂದುಕೊಂಡೆ. ಅದಕ್ಕೆ ಒಂದು ವಿಶೇಷ ಸೇರಿಸಿದೆ: ಅತಿಥಿಗಳ ತಲೆಗೆ ಮುಟ್ಟಾಳೆ ಇಡುವವರು ಅದನ್ನು ಹೊಲಿದ ಅಜ್ಜನೇ ಆಗಬೇಕು. ಈ ಯೋಚನೆ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಜ್ಜನಿಗೆ ಹೇಳಿದಾಗ ಅವರು ಮೊದಲು ನಕ್ಕರು. "ಮೊದಲು ಇಟ್ಟದ್ದಕ್ಕೆ ಬೈತಿದ್ರು. ಈಗ ಇಟ್ಟು ಶಾಲು ಹೊದೆಸ್ತಾರೆ. ಆಗ್ಲಿ. ಆದ್ರೆ ಅಳತೆ ಬೇಕು. ಅಳತೆ ಇಲ್ಲದೆ ನಾನು ಹೊಲಿಯೂದಿಲ್ಲ."

ಆರು ಜನ ಅತಿಥಿಗಳು. ನಾನು ಅವರಿಗೆ ಫೋನ್ ಮಾಡಿ, ತಲೆಯ ಸುತ್ತಳತೆ ಬೇಕು ಎಂದಾಗ ಕೆಲವರು ನನಗೆ ತಲೆ ಕೆಟ್ಟಿದೆ ಎಂದೇ ಭಾವಿಸಿದರು. ಆದರೂ ಆರೂ ಅಳತೆಗಳು ಬಂದವು. ಅಜ್ಜ ಅವನ್ನೆಲ್ಲ ಹಗ್ಗದ ಗಂಟಿಗೆ ಇಳಿಸಿಕೊಂಡರು. ಹೊರಡುವಾಗ ಬಾಗಿಲಿನ ಹತ್ತಿರ ನಿಂತು ಕೇಳಿದರು.

"ಅಲ್ಲಿ ಸ್ಟೇಜಿನಲ್ಲಿ ನಾನು ಇದನ್ನು ತೆಗೀಬೇಕಾ?"

"ಯಾಕೆ ತೆಗೀಬೇಕು ಅಜ್ಜ? ಕಾರ್ಯಕ್ರಮವೇ ಅದರದ್ದು."

"ಹಾಗಾದ್ರೆ ಬರ್ತೇನೆ," ಎಂದರು.

ಆ ದಿನ ಬೆಳಗ್ಗೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಂಡು ಉಟ್ಟುಕೊಂಡು, ಆ ವರ್ಷದ ಹೊಸ ಹಾಳೆಯ ಮುಟ್ಟಾಳೆ ಇಟ್ಟುಕೊಂಡು ಬಂದರು. ಸಭಾಂಗಣದ ಮೊದಲ ಸಾಲಿನಲ್ಲಿ ಕೂರಿಸಿದೆ. ನನ್ನ ಆಶಯ ಭಾಷಣದಲ್ಲಿ ನಾನು ಹಲಸಿನ ಹಣ್ಣಿನ ಬುಟ್ಟಿಯ ಕಥೆಯನ್ನು ಹೇಳಿದೆ. ಯಾರ ಕಥೆ ಎಂದು ಹೇಳಲಿಲ್ಲ, ಆದರೆ ಹೇಳುವಾಗ ಅವರ ಕಡೆ ನೋಡಿದೆ. ಬೆತ್ತದ ತುದಿಯಿಂದ ಮುಟ್ಟಾಳೆ ಹಾರಿದ ಜಾಗಕ್ಕೆ ಬಂದಾಗ ದನಿ ತಗ್ಗಿಸಿದೆ. ಚಪ್ಪಾಳೆ ಬಿತ್ತು. ಅಜ್ಜ ಚಪ್ಪಾಳೆ ತಟ್ಟಲಿಲ್ಲ, ತಮ್ಮ ಮೊಣಕಾಲನ್ನೇ ನೋಡುತ್ತ ಕೂತಿದ್ದರು.

ಇದಾಗಿ ಒಂದು ಗಂಟೆಯೂ ಕಳೆದಿರಲಿಲ್ಲ.

ಗೌರವದ ಹೊತ್ತು ಬಂತು. ಅಜ್ಜ ವೇದಿಕೆ ಹತ್ತಿ ಒಬ್ಬೊಬ್ಬರ ತಲೆಗೂ ಮುಟ್ಟಾಳೆ ಇಟ್ಟರು. ಇಟ್ಟು, ಹಿಂದೆ ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿ ನೋಡುತ್ತಿದ್ದರು. ಐದು ಜನರಿಗೂ ಹೊಲಿದಿಟ್ಟಂತೆ ಕೂತಿತು. ಆರನೆಯವರು ಮುಖ್ಯ ಅತಿಥಿ, ಅವರು ಬಂದಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಅವರ ಬದಲಿಗೆ ಒಬ್ಬ ಹಿರಿಯ ಅಧಿಕಾರಿ ಬಂದರು. ಕಾಲೇಜಿಗೆ ಬೇಕಾಗಿದ್ದ ಏನೋ ಒಂದು ಮಂಜೂರಾತಿ ಅವರ ಕೈಯಲ್ಲಿತ್ತು ಎಂದು ಆಡಳಿತ ಮಂಡಳಿಯವರು ನನ್ನ ಕಿವಿಯಲ್ಲಿ ಎರಡು ಸಲ ಹೇಳಿದ್ದರು. ಭಾರಿ ಆಳು, ಅದಕ್ಕೆ ತಕ್ಕ ತಲೆ. ಬಾರದವರಿಗಾಗಿ ಹೊಲಿದ ಮುಟ್ಟಾಳೆ ಇವರ ನೆತ್ತಿಯ ಮೇಲೆ ತೆಂಗಿನ ಚಿಪ್ಪಿನಂತೆ ಕೂತಿತು. ಅಜ್ಜ ಅದನ್ನು ತಕ್ಷಣ ಕೈಯಲ್ಲಿ ತೆಗೆದುಕೊಂಡರು.

"ಇದು ಇವರ ತಲೆ ಅಲ್ಲ ಮಾಸ್ಟ್ರೇ. ಮುಂದಿನ ವಾರ ಮಾಡಿ ಕೊಡ್ತೇನೆ," ಎಂದರು.

ಮೈಕ್ ಹತ್ತಿರವೇ ಇತ್ತು. ಇಡೀ ಸಭೆಗೆ ಕೇಳಿಸಿತು. ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ಅಧಿಕಾರಿಯ ಮುಖ ಕೆಂಪಾಯಿತು. ಪ್ರಾಂಶುಪಾಲರು ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನನಗೆ ಆಗ ಕಂಡದ್ದು ಅಜ್ಜನ ತಲೆಯ ಮೇಲಿನ ಮುಟ್ಟಾಳೆ ಮಾತ್ರ. ಅಜ್ಜನದ್ದೂ ದೊಡ್ಡ ತಲೆ. ಎಷ್ಟೋ ಸಲ ಅವರೇ ಅದನ್ನು ಹೇಳಿ ನಗಾಡಿದ್ದರು.

"ಒಂದು ನಿಮಿಷ ಅಜ್ಜ," ಎಂದೆ. ಕೈ ಚಾಚಿದೆ. ಅವರ ತಲೆಯಿಂದ ಅದನ್ನು ಎತ್ತಿ ಅಧಿಕಾರಿಯ ತಲೆಗೆ ಇಟ್ಟೆ.

ಸರಿಯಾಗಿ ಕೂತಿತು. ಸಭೆ ಚಪ್ಪಾಳೆ ತಟ್ಟಿತು. ಫೋಟೋದವರು ಮುಂದೆ ಬಂದರು. ಅಧಿಕಾರಿ ನಗುತ್ತ ಎರಡೂ ಬದಿಗೆ ಮುಖ ತಿರುಗಿಸಿ ಫೋಟೋ ತೆಗೆಸಿಕೊಂಡರು. "ನೋಡಿ, ಮುಟ್ಟಾಳೆ ತಯಾರಿಸಿದವರ ಮುಟ್ಟಾಳೆಯೇ ನಮ್ಮ ಅತಿಥಿಗಳಿಗೆ," ಎಂದು ನಾನು ಮೈಕಿನಲ್ಲಿ ಒಂದು ಮಾತನ್ನೂ ಸೇರಿಸಿದೆ. ಮತ್ತೆ ಚಪ್ಪಾಳೆ.

ಅಜ್ಜನ ಎರಡೂ ಕೈಗಳು ಮೇಲೆ ಹೋಗಿದ್ದವು. ತಲೆಯನ್ನು ಮುಟ್ಟಿದವು, ಅಲ್ಲಿ ಏನೂ ಇಲ್ಲ ಎಂದು ತಿಳಿದು ಮೆಲ್ಲಗೆ ಕೆಳಗಿಳಿದವು. ಅವರ ತಲೆಯನ್ನು ನಾನು ಬರಿದಾಗಿ ನೋಡಿದ್ದು ಅಂದೇ ಮೊದಲು. ಹಣೆಯ ಮೇಲಿನ ಭಾಗ ಮುಖಕ್ಕಿಂತ ಬೆಳ್ಳಗಿತ್ತು, ಸುತ್ತಲೂ ಮುಟ್ಟಾಳೆಯ ಅಂಚಿನ ಗುರುತು ಗೆರೆ ಎಳೆದಂತೆ ಇತ್ತು. ಅವರು ನನ್ನ ಕಡೆ ನೋಡಿ ನಕ್ಕರು. ಆ ನಗೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆದರೂ ಗುರುತು ಹಿಡಿದೆ. ಹಟ್ಟಿಯ ಬಾಗಿಲಿನಿಂದ ಟೊಪ್ಪಿ ಹೆಕ್ಕಿಕೊಂಡವರು ನಕ್ಕ ನಗೆ ಅದೇ ಇರಬೇಕು.

ಊಟಕ್ಕೆ ಅವರನ್ನು ಹುಡುಕಿದೆ, ಇರಲಿಲ್ಲ. ಗೇಟಿನ ಕಾವಲುಗಾರ, "ಅಜ್ಜ ಹೆಗಲಿನ ಬೈರಾಸು ತಲೆಗೆ ಹಾಕಿಕೊಂಡು ಬಸ್ಸಿಗೆ ಹೋದರು ಸಾರ್," ಎಂದ. ಅಧಿಕಾರಿ ಮುಟ್ಟಾಳೆಯನ್ನು ಕಾರಿನಲ್ಲಿ ಇಟ್ಟುಕೊಂಡು ಹೋಗಿದ್ದರು. ಅದನ್ನು ತರಿಸಿಕೊಡಬೇಕು ಎಂದುಕೊಂಡೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಇವತ್ತು ನಾಳೆ ಎಂದು ದಿನ ತಳ್ಳಿದೆ. ಅಷ್ಟು ದೊಡ್ಡವರಿಗೆ ಫೋನ್ ಮಾಡಿ ಕೊಟ್ಟ ಗೌರವವನ್ನು ವಾಪಸು ಕೇಳುವುದು ಹೇಗೆ ಎಂಬ ಸಂಕೋಚ. ಮಂಜೂರಾತಿ ಬಂತು, ಅದಕ್ಕಾಗಿ ಎಲ್ಲರೂ ನನ್ನನ್ನು ಹೊಗಳಿದರು. ಹೊಗಳಿಸಿಕೊಂಡೆ.

ಅದಾದ ಮೇಲೆ ಎರಡು ವರ್ಷ ನಾನು ಅವರಿಂದ ತಲೆ ತಪ್ಪಿಸಿಕೊಂಡು ತಿರುಗಿದೆ. ಸಂತೆಗೆ ಹೋದರೆ ಒಣಮೀನಿನ ಸಾಲಿನ ಕಡೆ ಹೋಗುತ್ತಿರಲಿಲ್ಲ. ಒಮ್ಮೆ ದೂರದಿಂದ ನೋಡಿದೆ. ಅದೇ ಗೋಣಿ, ಅದೇ ಹಗ್ಗ. ಮುಂದೆ ಮುಟ್ಟಾಳೆಗಳ ಸಾಲು. ಅವರ ತಲೆಯ ಮೇಲೆ ಮಾತ್ರ ಬೈರಾಸು. ನನ್ನ ಪಕ್ಕದ ಗುಳ್ಳದ ವ್ಯಾಪಾರದ ಹೆಂಗಸನ್ನು ಕೇಳಿದೆ, ಅಜ್ಜ ಯಾಕೆ ಈಗ ಮುಟ್ಟಾಳೆ ಇಡುವುದಿಲ್ಲ ಎಂದು. ಅವರ ಹತ್ತಿರ ಕೇಳುವ ಧೈರ್ಯ ಇಲ್ಲದವನು ಅವಳ ಹತ್ತಿರ ಕೇಳಿದೆ.

"ಸೆಕೆ ಅಂತೆ. ಎಂತ ಸೆಕೆಯೋ, ಮಳೆಗಾಲದಲ್ಲಿಯೂ ಅದೇ ಹೇಳ್ತಾರೆ," ಎಂದಳು.

ಸೀದಾ ಹೋಗಿ ಅವರ ಕಾಲಿನ ಹತ್ತಿರ ಕೂತು, ಅಜ್ಜ ನನ್ನಿಂದ ತಪ್ಪಾಯಿತು ಎನ್ನಬೇಕಿತ್ತು. ಹತ್ತು ಹೆಜ್ಜೆಯ ದೂರ. ನಾನು ಒಂದು ಕಿಲೋ ಗುಳ್ಳ ಕಟ್ಟಿಸಿಕೊಂಡು ಮನೆಗೆ ಬಂದೆ.

ಅವರು ತೀರಿಕೊಂಡ ಸುದ್ದಿ ಯಾರೋ ವಾಟ್ಸಾಪಿಗೆ ಹಾಕಿದ್ದರಿಂದ ತಿಳಿಯಿತು. ಉತ್ತರಕ್ರಿಯೆ ಕಳೆದ ಮರುವಾರ ಎಲ್ಲೂರಿನ ಮನೆಗೆ ಹೋದೆ. ಮಗಳು ಇದ್ದರು. ಕಾಪುವಿನಲ್ಲಿ ಸಣ್ಣದೊಂದು ಟೈಲರಿಂಗ್ ಅಂಗಡಿ ನಡೆಸುವವರು, ನಲವತ್ತರ ಆಸುಪಾಸು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಜಗಲಿಯಲ್ಲಿ ಚಾಪೆ ಹಾಸಿ ಚಹಾ ಕೊಟ್ಟರು.

"ನಿಮ್ಮ ವಿಷಯ ಅಪ್ಪ ಯಾವಾಗಲೂ ಹೇಳ್ತಿದ್ರು ಸರ್," ಎಂದರು. "ಆ ಕಾರ್ಯಕ್ರಮದ ದಿನ ಬಂದು ಹೇಳಿದ್ರು, ಒಬ್ಬರು ದೊಡ್ಡ ಆಫೀಸರು ಬಂದಿದ್ರು, ಅವರಿಗೆ ಟೊಪ್ಪಿ ಇರ್ಲಿಲ್ಲ, ಮಾಸ್ಟ್ರಿಗೆ ಮರ್ಯಾದೆ ಪ್ರಶ್ನೆ ಅಲ್ವಾ, ನಾನೇ ನನ್ನ ಕೈಯಾರೆ ತೆಗೆದು ಕೊಟ್ಟೆ ಅಂತ. ಅಪ್ಪ ಯಾರ ಎದುರಿಗೂ ಅದನ್ನು ತೆಗೆದವರಲ್ಲ. ನಿಮಗೋಸ್ಕರ ತೆಗೆದ್ರು. ಪೇಪರಿಗೆ ಏನಾದ್ರೂ ಬರೆಯುವುದಿದ್ದರೆ ಅದನ್ನು ಬರೀರಿ."

ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಆ ಮನುಷ್ಯ ಮನೆಯವರ ಎದುರಿಗೆ ನನ್ನ ಮಾನ ಉಳಿಸಿದ್ದರು. ಅಥವಾ ತಮ್ಮದನ್ನು ಉಳಿಸಿಕೊಂಡಿದ್ದರು. ಎರಡರಲ್ಲಿ ಯಾವುದೇ ಆಗಿದ್ದರೂ ನಾನು ಬಾಯಿ ಬಿಡಬೇಕಾದ ಜಾಗ ಅದು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು, "ಹೌದು, ದೊಡ್ಡ ಮನಸ್ಸು ಅವರದ್ದು," ಎಂದೆ. ಚಹಾ ಕುಡಿದು ಮುಗಿಸಿ, ಫೋಟೋಕ್ಕೆ ಕೈ ಮುಗಿದು ಬಂದೆ.

ಮನೆಗೆ ಬಂದು ನುಡಿನಮನ ಬರೆಯಲು ಕೂತೆ. ಒಂದು ಸಲ ಮಗಳು ಹೇಳಿದ ಹಾಗೆ ಬರೆದೆ. ತುಂಬ ಚಂದ ಬಂತು. ಓದಿದರೆ ಯಾರಿಗಾದರೂ ಕಣ್ಣೀರು ಬರಬೇಕು, ಹಾಗಿತ್ತು. ಹರಿದುಹಾಕಿದೆ. ಮತ್ತೊಂದು ಸಲ ಆ ದಿನದ ಮಾತನ್ನೇ ಬಿಟ್ಟು, ಹಗ್ಗ, ಗಂಟು, ಹಾಳೆ ಅಷ್ಟನ್ನೇ ಬರೆದೆ. ಅದೂ ಆಗಲಿಲ್ಲ. ಊಟ ರುಚಿಸುತ್ತಿರಲಿಲ್ಲ. "ಎಂತ ಆಗಿದೆ ನಿಮಗೆ?" ಎಂದು ಹೆಂಡತಿ ಕೇಳಿದಳು. ಅವಳಿಗೂ ನಾನು ಇದನ್ನು ಹೇಳಿರಲಿಲ್ಲ. ಅವಳೂ ಅಂದು ಸಭೆಯಲ್ಲಿ ಚಪ್ಪಾಳೆ ತಟ್ಟಿದವಳೇ.

ಕಳೆದ ವಾರ ಕಾಪುವಿಗೆ ಬಸ್ಸು ಹತ್ತಿದೆ. ಮಗಳ ಅಂಗಡಿ ಪೇಟೆಯ ಒಳಗೆ, ಒಂದು ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ. ಮಧ್ಯಾಹ್ನದ ಹೊತ್ತು, ಗಿರಾಕಿಗಳು ಇರಲಿಲ್ಲ. ಅವರು ಮೇಜಿನ ಮೇಲೆ ಶಾಲೆಯ ಯೂನಿಫಾರಮ್ಮಿನ ಬಟ್ಟೆ ಹರಡಿಕೊಂಡು ಚಾಕ್‌ನಿಂದ ಗೆರೆ ಎಳೆಯುತ್ತಿದ್ದರು. ಕೂರಲು ಸ್ಟೂಲು ತೋರಿಸಿದರು. ನಾನು ಕೂರಲಿಲ್ಲ.

"ನಿಮ್ಮ ಅಪ್ಪ ಅದನ್ನು ಕೊಟ್ಟದ್ದಲ್ಲ," ಎಂದೆ. "ನಾನೇ ಅವರ ತಲೆಯಿಂದ ತೆಗೆದೆ. ಕೇಳಲೂ ಇಲ್ಲ. ಅವರ ಅಪ್ಪನ ಕಥೆ ನನಗೆ ಗೊತ್ತಿತ್ತು. ಗೊತ್ತಿದ್ದೂ ತೆಗೆದೆ."

ಅವರು ಗೆರೆ ಎಳೆಯುವುದನ್ನು ನಿಲ್ಲಿಸಲಿಲ್ಲ. ತೋಳಿನ ಆಕಾರ ಪೂರ್ತಿ ಆದ ಮೇಲೆ ಚಾಕ್ ಕೆಳಗಿಟ್ಟರು.

"ಗೊತ್ತುಂಟು ಸರ್. ಆ ದಿನ ಮಧ್ಯಾಹ್ನವೇ ವೀಡಿಯೋ ಮೊಬೈಲಿಗೆ ಬಂದಿತ್ತು. ಅಪ್ಪ ಮನೆಗೆ ಬರುವ ಮೊದಲೇ ನಾವು ನೋಡಿದ್ದೆವು."

ಅವರು ಬಟ್ಟೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದರು.

"ಅಪ್ಪ ಬಂದು ನಾನೇ ಕೊಟ್ಟೆ ಅಂತ ಹೇಳಿದ್ರು. ನಾವು ಹೌದಾ ಅಂತ ಕೇಳಿದೆವು. ಮತ್ತೆ ಎಂತ ಹೇಳ್ಲಿಕ್ಕೆ ಆಗ್ತದೆ? ಎರಡು ವರ್ಷ ಅವರು ಹಾಗೆಯೇ ಹೇಳಿದ್ರು, ನಾವೂ ಹಾಗೆಯೇ ಕೇಳಿದೆವು."

"ಹಾಗಾದರೆ ಮೊನ್ನೆ ನನ್ನ ಹತ್ತಿರ..."

"ಅಪ್ಪ ಹೇಳಿದ್ದನ್ನೇ ನಿಮಗೂ ಹೇಳಿದೆ. ನೀವು ಎಂತ ಹೇಳ್ತೀರಿ ಅಂತ ನೋಡಿದೆ. ನೀವು ಚಹಾ ಕುಡಿದು ಹೋದಿರಿ."

ಬೈದಿದ್ದರೆ ಹಗುರಾಗುತ್ತಿತ್ತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದರು ಅಷ್ಟೇ. ನಾನು ಸ್ಟೂಲಿನ ಮೇಲೆ ಕೂತೆ. ನಡೆದದ್ದನ್ನು ನಡೆದ ಹಾಗೆಯೇ ಪೇಪರಿಗೆ ಬರೆಯುತ್ತೇನೆ, ನೀವು ಒಪ್ಪಿದರೆ ಮಾತ್ರ ಎಂದೆ.

ಅವರು ಕತ್ತರಿ ತೆಗೆದುಕೊಂಡು ಗೆರೆಯ ಮೇಲೆ ಬಟ್ಟೆ ಕತ್ತರಿಸಲು ತೊಡಗಿದರು. ತೋಳು ಬೇರೆಯಾಗಿ ಕೈಗೆ ಬಂತು.

"ಬರೀರಿ," ಎಂದರು. "ಅಪ್ಪನ ಹೆಸರು ಹಾಕ್ಬೇಡಿ. ಅವರು ತಾವೇ ಕೊಟ್ಟದ್ದು ಅಂತ ಹೇಳಿ ಹೋಗಿದ್ದಾರೆ, ಅವರ ಹೆಸರಿಗೆ ಅದು ಹಾಗೆಯೇ ಇರ್ಲಿ. ನಿಮ್ಮ ಹೆಸರು ಹಾಕಿ."